ಬಜೆಟ್ ಪುಸ್ತಕದಲ್ಲಿ ಕಾಣದ ಕೊರತೆ ನಮ್ಮ ಮನೆಬಾಗಿಲಿಗೆ ಬಂದಿದೆ: ಮುಖ್ಯಮಂತ್ರಿಗಳಿಗೊಂದು ಬಹಿರಂಗ ಪತ್ರ

ಡಿಸೆಂಬರ್ 2025

ಮಾನ್ಯ ಮುಖ್ಯಮಂತ್ರಿಗಳೂ ಹಣಕಾಸು ಸಚಿವರೂ ಆದ ಶ್ರೀ ಸಿದ್ದರಾಮಯ್ಯನವರಿಗೆ ಗೌರವಪೂರ್ವಕ ನಮಸ್ಕಾರಗಳು.

ವಿಷಯ: ರಾಜ್ಯದ ಆಯವ್ಯಯದ ಕೊರತೆಯು ನೋಂದಣಿ ಶುಲ್ಕ, ಮಾರ್ಗಸೂಚಿ ದರ (ನೋಂದಣಿಗಾಗಿ ಸರ್ಕಾರ ಆಸ್ತಿಗೆ ನಿಗದಿಪಡಿಸುವ ಕನಿಷ್ಠ ಬೆಲೆ) ಮತ್ತು ಪಾವತಿಯಾಗದ ಬಿಲ್ಲುಗಳ ರೂಪದಲ್ಲಿ ಸಾಮಾನ್ಯ ಜನರ ಮನೆ ಮತ್ತು ನಿವೇಶನಗಳ ಮೇಲೆ ಬೀಳುತ್ತಿರುವ ಕುರಿತು.

ಮಾನ್ಯರೇ,

ನಾನು ಖಜಾನೆ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿ ನಿವೃತ್ತನಾದವನು. ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ ಹೊಸ ಬಡಾವಣೆಯಲ್ಲಿ, ಮೂವತ್ತು ನಲವತ್ತು ಅಳತೆಯ ನಿವೇಶನದಲ್ಲಿ ಕಟ್ಟಿಕೊಂಡ ಮನೆಯಲ್ಲಿ ವಾಸವಾಗಿದ್ದೇನೆ. ಸರ್ಕಾರದ ಹಣ ಒಳಗೆ ಬರುವುದನ್ನೂ ಹೊರಗೆ ಹೋಗುವುದನ್ನೂ ಹತ್ತಿರದಿಂದ ಕಂಡವನಾದ್ದರಿಂದ, ಬಜೆಟ್ ಎಂಬುದು ನನಗೆ ಮಾರ್ಚ್ ತಿಂಗಳ ಒಂದು ದಿನದ ಭಾಷಣವಾಗಿ ಎಂದೂ ಕಂಡಿಲ್ಲ. ಅದು ವರ್ಷಪೂರ್ತಿ ನಡೆಯುವ ಕೊಡು-ಕೊಳ್ಳುವ ಕೆಲಸ. ರಾಜ್ಯದ ಇತಿಹಾಸದಲ್ಲಿ ಬೇರೆ ಯಾರಿಗಿಂತಲೂ ಹೆಚ್ಚು ಬಾರಿ ಬಜೆಟ್ ಮಂಡಿಸಿದ, ಈ ವರ್ಷದ ಮಾರ್ಚ್ 7ರಂದು 16ನೆಯದನ್ನು ಮಂಡಿಸಿದ ತಮಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಮುಂದಿನ ಬಜೆಟ್ಟಿನ ಸಿದ್ಧತೆ ಆರಂಭವಾಗುವ ಈ ಹೊತ್ತಿನಲ್ಲಿ, ನಮ್ಮ ಬೀದಿಯಿಂದ ನೋಡಿದಾಗ ಆ ಕೊಡು-ಕೊಳ್ಳುವಿಕೆ ಹೇಗೆ ಕಾಣುತ್ತಿದೆ ಎಂಬುದನ್ನು ತಮ್ಮ ಗಮನಕ್ಕೆ ತರಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ಸೆಪ್ಟೆಂಬರ್ ಮೊದಲ ವಾರ ನಮ್ಮ ಪಕ್ಕದ ಮನೆಯ ದಂಪತಿಯ ಜೊತೆ ನಾನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಸಾಕ್ಷಿಯಾಗಿ ಹೋಗಿದ್ದೆ. ಆತ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕ. ಆಕೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಹದಿನಾಲ್ಕು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದ ಮೇಲೆ 32 ಲಕ್ಷ ರೂಪಾಯಿಗೆ ಒಂದು ನಿವೇಶನ ಗೊತ್ತು ಮಾಡಿದ್ದರು. ಜೂನ್‌ನಲ್ಲಿ ಮುಂಗಡ ಕೊಟ್ಟು ಕರಾರು ಬರೆಸಿಕೊಂಡಿದ್ದರು. ಆಷಾಢದಲ್ಲಿ ನೋಂದಣಿ ಬೇಡವೆಂದು ಹಿರಿಯರು ಹೇಳಿದರು; ಶ್ರಾವಣದಲ್ಲಿ ಬ್ಯಾಂಕಿನ ಸಾಲದ ಕಾಗದಪತ್ರ ಮುಗಿಯಲಿಲ್ಲ; ಗೌರಿ-ಗಣೇಶ ಹಬ್ಬ ಮುಗಿದು ಪಿತೃಪಕ್ಷ ಶುರುವಾಗುವುದರೊಳಗೆ ಮುಗಿಸೋಣವೆಂದು ಆ ವಾರವನ್ನು ಆರಿಸಿಕೊಂಡಿದ್ದರು. ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿತು. 32,000 ರೂಪಾಯಿ ಇದ್ದ ಬಾಬ್ತು 64,000 ಆಯಿತು. ಅದರ ಜೊತೆಗೆ ಶೇ. 5ರ ಮುದ್ರಾಂಕ ಶುಲ್ಕ 1,60,000, ಅದರ ಮೇಲಿನ ಶೇ. 10ರ ಉಪಕರ 16,000, ಶೇ. 2ರ ಸರ್‌ಚಾರ್ಜ್ 3,200. ಒಟ್ಟು 2,43,200 ರೂಪಾಯಿ.

ಬಜೆಟ್ ಕಾಗದದಲ್ಲಿ 32,000 ರೂಪಾಯಿ ಎಲ್ಲಿಯೂ ಕಾಣುವ ಮೊತ್ತವಲ್ಲ. ಆದರೆ ಮನೆ ಅಥವಾ ನಿವೇಶನಕ್ಕೆ ಬ್ಯಾಂಕು ಕೊಡುವ ಸಾಲದಲ್ಲಿ ಮುದ್ರಾಂಕ ಮತ್ತು ನೋಂದಣಿಯ ಖರ್ಚು ಸಾಮಾನ್ಯವಾಗಿ ಸೇರುವುದಿಲ್ಲ ಎಂಬುದನ್ನು ತಾವು ಗಮನಿಸಬೇಕು. ಬೆಲೆಯ ಬಹುಪಾಲನ್ನು ಇಪ್ಪತ್ತು ವರ್ಷದ ಕಂತಿನಲ್ಲಿ ತೀರಿಸಬಹುದು. ಸರ್ಕಾರಕ್ಕೆ ಕೊಡಬೇಕಾದ್ದನ್ನು ಮಾತ್ರ ಅದೇ ದಿನ, ಕೈಯಲ್ಲಿರುವ ಹಣದಿಂದ ಕೊಡಬೇಕು. ಉಳಿತಾಯವನ್ನೆಲ್ಲ ಮಾರುವವರ ಕೈಗೆ ಹಾಕಿ ಕುಳಿತವರಿಗೆ ಆ ಕೊನೆಯ ಮೊತ್ತವೇ ಹೊಂದಿಸಲು ಅತ್ಯಂತ ಕಷ್ಟವಾದದ್ದು. ಆ ಹೆಣ್ಣುಮಗಳು ಎರಡು ಬಳೆಗಳನ್ನು ಗಿರವಿ ಇಟ್ಟು ಹಣ ತಂದರು. ಕ್ರಯಪತ್ರಕ್ಕೆ ಸಹಿ ಹಾಕುವಾಗ ಅವರ ಮುಖದಲ್ಲಿ ಸಂತೋಷಕ್ಕಿಂತ ಹೆಚ್ಚಾಗಿ ಆ ಸಾಲದ ಲೆಕ್ಕವೇ ಇತ್ತು. ಅದನ್ನು ನೋಡಿ ಬಂದ ದಿನದಿಂದ ಈ ಪತ್ರ ನನ್ನ ಮನಸ್ಸಿನಲ್ಲಿದೆ.

ನೆರೆಯ ತಮಿಳುನಾಡು, ಕೇರಳಗಳಲ್ಲಿ ಮುದ್ರಾಂಕ ಮತ್ತು ನೋಂದಣಿ ಎರಡೂ ಸೇರಿದರೆ ನಮಗಿಂತ ಹೆಚ್ಚಾಗುತ್ತದೆ ಎಂದು ಸರ್ಕಾರ ಸಮರ್ಥನೆ ಕೊಟ್ಟಿತು. ಅದು ನಿಜ, ಒಪ್ಪುತ್ತೇನೆ. ದರ ಎಷ್ಟಿರಬೇಕು ಎಂಬುದಕ್ಕಿಂತ, ಅದು ಯಾವಾಗ ಮತ್ತು ಯಾವ ದಾರಿಯಲ್ಲಿ ಬಂತು ಎಂಬುದೇ ನನ್ನ ಆಕ್ಷೇಪ. ಮಾರ್ಚ್‌ನಲ್ಲಿ ಮಂಡಿಸಿದ ಬಜೆಟ್ಟಿಗೆ ಆರು ತಿಂಗಳು ತುಂಬುವ ಮೊದಲೇ, ಒಂದು ಅಧಿಸೂಚನೆಯ ಮೂಲಕ, ರಾಜ್ಯದಾದ್ಯಂತ ಆಸ್ತಿ ಕೊಳ್ಳುವ ಪ್ರತಿಯೊಬ್ಬರ ಖರ್ಚು ಆಸ್ತಿಯ ಬೆಲೆಯ ಶೇ. 1ರಷ್ಟು ಹೆಚ್ಚಿತು. ಅದಕ್ಕೂ ಮೊದಲು, 2024ರ ಜೂನ್ 15ರಂದು, ಲೋಕಸಭಾ ಚುನಾವಣೆಯ ಫಲಿತಾಂಶ ಬಂದ ಹನ್ನೊಂದು ದಿನಕ್ಕೆ, ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇ. 25.92ರಿಂದ ಶೇ. 29.84ಕ್ಕೂ ಡೀಸೆಲ್ ಮೇಲಿನದು ಶೇ. 14.3ರಿಂದ ಶೇ. 18.4ಕ್ಕೂ ಏರಿತು. 2025ರ ಏಪ್ರಿಲ್ 1ರಿಂದ ಡೀಸೆಲ್ ತೆರಿಗೆ ಮತ್ತೆ ಶೇ. 21.17 ಆಯಿತು, ಅದೇ ದಿನ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಹೆಚ್ಚಿತು, ಅದೇ ದಿನದಿಂದ ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯ ಬಾಬ್ತು ಯೂನಿಟ್ಟಿಗೆ 36 ಪೈಸೆ ಬಿಲ್ಲಿಗೆ ಸೇರಿತು. ಜನವರಿ 5ರಿಂದಲೇ ಬಸ್ ಪ್ರಯಾಣ ದರ ಶೇ. 15 ಏರಿತ್ತು. ಇವುಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಪ್ರಾಧಿಕಾರ, ಬೇರೆ ಬೇರೆ ಕಾರಣ ಇರುವುದು ನನಗೆ ಗೊತ್ತು. ಹಾಲಿನ ದರದಲ್ಲಿ ರೈತರಿಗೆ ಹೋಗುವ ಪಾಲೂ ಇದೆ. ಆದರೆ ಪಾವತಿಸುವ ಮನೆ ಒಂದೇ. ತಿಂಗಳ ಕೊನೆಗೆ ಆ ಮನೆಯೊಡತಿ ಲೆಕ್ಕ ಹಾಕುವಾಗ ಯಾವುದು ನಿಗಮದ್ದು, ಯಾವುದು ಆಯೋಗದ್ದು, ಯಾವುದು ಇಲಾಖೆಯದ್ದು ಎಂದು ಬೇರ್ಪಡಿಸಿ ನೋಡುವುದಿಲ್ಲ.

ಈ ಒತ್ತಡ ಎಲ್ಲಿಂದ ಬರುತ್ತಿದೆ ಎಂಬುದನ್ನು ತಾವೇ ಮಂಡಿಸಿದ ಅಂಕಿಗಳು ಹೇಳುತ್ತವೆ. 2023ರ ಜುಲೈನ ಬಜೆಟ್ಟಿನಲ್ಲಿ 12,523 ಕೋಟಿ, 2024-25ರಲ್ಲಿ 27,354 ಕೋಟಿ, 2025-26ರಲ್ಲಿ 19,262 ಕೋಟಿ ರೂಪಾಯಿ ರಾಜಸ್ವ ಕೊರತೆಯನ್ನು ಅಂದಾಜು ಮಾಡಲಾಯಿತು. ಅಂದರೆ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನದಂಥ ನಿತ್ಯದ ಖರ್ಚಿಗೇ ಆದಾಯ ಸಾಲದೆ, ಅದರ ಒಂದು ಭಾಗವನ್ನು ಸಾಲದಿಂದ ತುಂಬಬೇಕಾಗಿದೆ. ಹಣಕಾಸು ಹೊಣೆಗಾರಿಕೆಯ ಕಾಯ್ದೆಯನ್ನು 2002ರಲ್ಲಿ ದೇಶದಲ್ಲೇ ಮೊದಲು ಮಾಡಿದ ರಾಜ್ಯ ನಮ್ಮದು. ರಾಜಸ್ವ ಕೊರತೆಯನ್ನು ಸೊನ್ನೆಗೆ ತರಬೇಕು, ವಿತ್ತೀಯ ಕೊರತೆ (ಸಾಲ ಬಿಟ್ಟು ಉಳಿದ ಆದಾಯಕ್ಕಿಂತ ಒಟ್ಟು ಖರ್ಚು ಹೆಚ್ಚಾದ ಮೊತ್ತ) ರಾಜ್ಯದ ಆಂತರಿಕ ಉತ್ಪನ್ನದ ಶೇ. 3ನ್ನು ಮೀರಬಾರದು, ಒಟ್ಟು ಹೊಣೆಗಾರಿಕೆ (ತೀರಿಸಬೇಕಾಗಿ ಉಳಿದಿರುವ ಎಲ್ಲ ಸಾಲ) ಶೇ. 25ನ್ನು ಮೀರಬಾರದು ಎಂಬ ಗೆರೆಗಳು ಆ ಕಾಯ್ದೆಯ ಚೌಕಟ್ಟಿನಲ್ಲೇ ಮೂಡಿದವು. 2004-05ರಿಂದ ಕೋವಿಡ್ ಬರುವ ತನಕ ರಾಜಸ್ವದಲ್ಲಿ ಉಳಿತಾಯವನ್ನೇ ತೋರಿಸಿದ್ದು, ಪಕ್ಷಭೇದವಿಲ್ಲದೆ ಎಲ್ಲ ಸರ್ಕಾರಗಳೂ ಪಾಲಿಸಿಕೊಂಡು ಬಂದ ಶಿಸ್ತು. ಈಗ 4,09,549 ಕೋಟಿ ಗಾತ್ರದ ಬಜೆಟ್ಟಿನಲ್ಲಿ 1,16,000 ಕೋಟಿ ಸಾಲ ಎತ್ತುವ ಪ್ರಸ್ತಾವವಿದೆ. ವಿತ್ತೀಯ ಕೊರತೆ ಶೇ. 2.95, ಒಟ್ಟು ಹೊಣೆಗಾರಿಕೆ ಶೇ. 24.91. ಎರಡು ಗೆರೆಗಳ ಒಳಗೆ ಇದ್ದೇವೆ, ಆದರೆ ಕಾಲಿನ ತುದಿ ಗೆರೆಗೆ ತಾಗಿದೆ.

ಇನ್ನು ಸಾಲ ಎತ್ತಲು ಜಾಗವಿಲ್ಲದಾಗ ಸರ್ಕಾರಕ್ಕೆ ಉಳಿಯುವ ದಾರಿಗಳು ಎರಡು ಎಂಬುದನ್ನು ಖಜಾನೆಯಲ್ಲಿ ಕೂತವರೆಲ್ಲ ಬಲ್ಲರು: ಎಲ್ಲಿ ಕೈ ಹಾಕಿದರೆ ಹಣ ತಕ್ಷಣ ಬರುತ್ತದೋ ಅಲ್ಲಿ ದರ ಏರಿಸುವುದು ಮತ್ತು ಕೊಡಬೇಕಾದ್ದನ್ನು ತಡೆಹಿಡಿಯುವುದು.

ಮೊದಲನೆಯದಕ್ಕೆ ಆಸ್ತಿಯಷ್ಟು ಅನುಕೂಲವಾದ ವಸ್ತು ಬೇರೊಂದಿಲ್ಲ. ಜಿಎಸ್‌ಟಿ ಬಂದ ಮೇಲೆ ರಾಜ್ಯಗಳು ತಾವಾಗಿ ದರ ನಿರ್ಧರಿಸಬಹುದಾದ ಬಾಬ್ತುಗಳಲ್ಲಿ ಮುಖ್ಯವಾಗಿ ಉಳಿದಿರುವುದು ಅಬಕಾರಿ, ಇಂಧನ, ವಾಹನ ಮತ್ತು ಮುದ್ರಾಂಕ. 2025-26ಕ್ಕೆ ಮುದ್ರಾಂಕ ಮತ್ತು ನೋಂದಣಿ ಇಲಾಖೆಗೆ ಇಟ್ಟಿರುವ ಗುರಿ 28,000 ಕೋಟಿ. ಗುರಿ ಮೇಲಿನಿಂದ ಬಂದರೆ ದಾರಿ ಕೆಳಗೆ ಹುಡುಕಲೇಬೇಕಾಗುತ್ತದೆ. 2023ರ ಅಕ್ಟೋಬರ್ 1ರಿಂದ ಮಾರ್ಗಸೂಚಿ ದರ ಸರಾಸರಿ ಶೇ. 25ರಿಂದ 30ರಷ್ಟು ಏರಿತು. 2024ರ ಫೆಬ್ರವರಿಯಲ್ಲಿ ಮುದ್ರಾಂಕ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದು, 20 ರೂಪಾಯಿಯ ಛಾಪಾ ಕಾಗದದಲ್ಲಿ ಆಗುತ್ತಿದ್ದ ಪ್ರಮಾಣಪತ್ರಕ್ಕೆ 100 ರೂಪಾಯಿ ಆಯಿತು. ಆಮೇಲೆ ನೋಂದಣಿ ಶುಲ್ಕ.

ಈ ಏರಿಕೆಗಳು ಒಂದರ ಮೇಲೊಂದು ಕೂತಾಗ ಏನಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ಒಪ್ಪಿಸುತ್ತೇನೆ. ಮೊದಲ ಬಾರಿ ನೋಂದಣಿಯಾಗುವ ಫ್ಲಾಟ್‌ಗಳಿಗೆ ಬೆಲೆ 35 ಲಕ್ಷ ಮೀರಿ 45 ಲಕ್ಷದೊಳಗಿದ್ದರೆ ಮುದ್ರಾಂಕ ಶುಲ್ಕ ಶೇ. 3 ಎಂಬ ರಿಯಾಯಿತಿ 2021ರಿಂದ ಇದೆ. ಅದಕ್ಕೆ ಮೇಲ್ಪಟ್ಟರೆ ಶೇ. 5. ಒಂದು ಫ್ಲಾಟಿನ ಮಾರ್ಗಸೂಚಿ ಮೌಲ್ಯ 40 ಲಕ್ಷ ಇತ್ತೆಂದುಕೊಳ್ಳಿ. ಹಳೆಯ ದರದಲ್ಲಿ ಮುದ್ರಾಂಕ 1,20,000, ಅದರ ಮೇಲಿನ ಉಪಕರ ಮತ್ತು ಸರ್‌ಚಾರ್ಜ್ 14,400, ನೋಂದಣಿ 40,000, ಒಟ್ಟು 1,74,400 ರೂಪಾಯಿ. ಮಾರ್ಗಸೂಚಿ ದರ ಶೇ. 30 ಏರಿ ಅದೇ ಫ್ಲಾಟಿನ ಮೌಲ್ಯ 52 ಲಕ್ಷವಾದರೆ ರಿಯಾಯಿತಿಯ ಮಿತಿ ದಾಟುತ್ತದೆ. ಆಗ ಮುದ್ರಾಂಕ 2,60,000, ಉಪಕರ ಮತ್ತು ಸರ್‌ಚಾರ್ಜ್ 31,200, ಶೇ. 2ರಂತೆ ನೋಂದಣಿ 1,04,000, ಒಟ್ಟು 3,95,200. ಗೋಡೆ ಅದೇ, ಕೋಣೆ ಅದೇ, ಕೊಳ್ಳುವವರ ಸಂಬಳವೂ ಹೆಚ್ಚುಕಡಿಮೆ ಅದೇ. ಸರ್ಕಾರಕ್ಕೆ ಸಲ್ಲುವ ಮೊತ್ತ ಮಾತ್ರ ಎರಡು ಪಟ್ಟು ಮೀರಿದೆ. ಬಡ ಮಧ್ಯಮ ವರ್ಗಕ್ಕೆಂದು ಹಾಕಿದ ಗೆರೆಯನ್ನು ಅಲ್ಲೇ ಬಿಟ್ಟು, ಅದರ ಸುತ್ತಲಿನ ದರವನ್ನು ಏರಿಸಿದ್ದರಿಂದ ಆ ರಿಯಾಯಿತಿ ಕಾಯ್ದೆಯಲ್ಲಿ ಉಳಿದು ಕೈಯಲ್ಲಿ ಇಲ್ಲದಂತಾಗುತ್ತದೆ. ಇದನ್ನು ಯಾರೂ ದುರುದ್ದೇಶದಿಂದ ಮಾಡಿದ್ದೆಂದು ನಾನು ಹೇಳುತ್ತಿಲ್ಲ. ಮೂರು ನಿರ್ಧಾರಗಳನ್ನು ಮೂರು ಹೊತ್ತಿನಲ್ಲಿ ತೆಗೆದುಕೊಂಡು, ಒಟ್ಟಿಗೆ ಕೂರಿಸಿ ನೋಡದಿದ್ದರೆ ಹೀಗೇ ಆಗುತ್ತದೆ. ಒಟ್ಟಿಗೆ ಕೂರಿಸಿ ನೋಡುವ ಜಾಗವೇ ಬಜೆಟ್ ಅಧಿವೇಶನ.

ಮಾರ್ಗಸೂಚಿ ದರದ ಪರಿಣಾಮ ಆಸ್ತಿ ಮಾರುವ-ಕೊಳ್ಳುವವರಿಗೆ ಮಾತ್ರ ಸೀಮಿತವಲ್ಲ. ನಮ್ಮಂಥ ಊರುಗಳಲ್ಲಿ ಆಸ್ತಿ ತೆರಿಗೆಯನ್ನೂ 2021ರ ತಿದ್ದುಪಡಿಯ ನಂತರ ಮಾರ್ಗಸೂಚಿ ದರಕ್ಕೇ ಗಂಟು ಹಾಕಲಾಗಿದೆ. ಹೀಗಾಗಿ ಮನೆಯನ್ನು ಎಂದೂ ಮಾರುವ ಯೋಚನೆಯಿಲ್ಲದ, ಪಿಂಚಣಿಯಲ್ಲಿ ಬದುಕುವ ವೃದ್ಧೆಗೂ ಅವರ ಮನೆಯ ಕಾಗದದ ಮೇಲಿನ ಬೆಲೆ ಏರಿದ್ದಕ್ಕೆ ಕಂದಾಯ ಏರುತ್ತದೆ. ಆ ಬೆಲೆಯಿಂದ ಆಕೆಗೆ ಒಂದು ರೂಪಾಯಿ ಬರುವುದಿಲ್ಲ.

ಎರಡನೆಯ ದಾರಿ, ಕೊಡಬೇಕಾದ್ದನ್ನು ತಡೆಹಿಡಿಯುವುದು, ನನಗೆ ಇನ್ನೂ ಹತ್ತಿರದಿಂದ ಗೊತ್ತಿರುವ ವಿಷಯ. ಸರ್ಕಾರದ ಲೆಕ್ಕಪತ್ರ ನಡೆಯುವುದು ನಗದು ಆಧಾರದ ಮೇಲೆ. ಹಣ ಖಜಾನೆಯಿಂದ ಹೊರಗೆ ಹೋದ ದಿನ ಅದು ಖರ್ಚು. ಕೆಲಸ ಮುಗಿದು, ಅಳತೆ ಪುಸ್ತಕದಲ್ಲಿ ದಾಖಲಾಗಿ, ಬಿಲ್ಲು ಸಿದ್ಧವಾಗಿದ್ದರೂ ಹಣ ಬಿಡುಗಡೆಯಾಗದಿದ್ದರೆ ಅದು ಆ ವರ್ಷದ ಲೆಕ್ಕದಲ್ಲಿ ಖರ್ಚೇ ಅಲ್ಲ. ಮಾರ್ಚ್ 31ರ ರಾತ್ರಿ ಖಜಾನೆಯಲ್ಲಿ ಕುಳಿತು ಎಷ್ಟೋ ವರ್ಷ ನಾನು ಇದನ್ನು ನೋಡಿದ್ದೇನೆ. ಅಂದು ಪಾಸಾಗದ ಬಿಲ್ಲು ಏಪ್ರಿಲ್‌ನಲ್ಲಿ ಹೊಸ ವರ್ಷದ ಅನುದಾನಕ್ಕೆ ಹೋಗಿ ಕೂರುತ್ತದೆ. ಹೊಸ ವರ್ಷದ ಅನುದಾನ ಹಳೆಯ ಬಾಕಿಗೇ ಕರಗುತ್ತದೆ. ಹೊಸ ಕೆಲಸದ ಬಿಲ್ಲು ಮತ್ತೊಂದು ಮಾರ್ಚ್‌ಗೆ ಕಾಯುತ್ತದೆ. ಹೀಗಾಗಿ ಶೇ. 2.95 ಎಂಬ ವಿತ್ತೀಯ ಕೊರತೆಯ ಅಂಕಿ ತಪ್ಪಲ್ಲ, ಆದರೆ ಪೂರ್ತಿಯೂ ಅಲ್ಲ. ಪಾವತಿಯಾಗದೆ ಉಳಿದದ್ದು ಅದರ ಹೊರಗೆ ನಿಂತಿರುತ್ತದೆ. ಅದೂ ಸಾಲವೇ. ಬ್ಯಾಂಕಿಗೂ ರಿಸರ್ವ್ ಬ್ಯಾಂಕಿನ ಹರಾಜಿಗೂ ಹೋಗದೆ, ಸಣ್ಣ ಗುತ್ತಿಗೆದಾರನಿಂದ, ಜಲ್ಲಿ ಮರಳು ಕೊಟ್ಟವನಿಂದ, ದಿನಗೂಲಿಯವನಿಂದ ಬಡ್ಡಿಯಿಲ್ಲದೆ ಎತ್ತಿದ ಸಾಲ.

ನಮ್ಮ ಬೀದಿಯ ವಿಷಯ ಹೇಳಿದರೆ ಇದು ಸ್ಪಷ್ಟವಾದೀತು. ಒಂದೂವರೆ ವರ್ಷದ ಹಿಂದೆ ಒಳಚರಂಡಿ ಕೊಳವೆ ಹಾಕಲು ಬೀದಿಯನ್ನು ಉದ್ದಕ್ಕೂ ಅಗೆದರು. ಅರ್ಧ ಕೊಳವೆ ಕೂತ ಮೇಲೆ ಕೆಲಸ ನಿಂತಿತು. ಹಿಂದೆ ಮುಗಿಸಿದ ಕೆಲಸದ ಬಿಲ್ಲು ಬಂದಿಲ್ಲ, ಇನ್ನು ಕೈಯಿಂದ ಹಾಕಲು ತನ್ನಲ್ಲಿ ಏನೂ ಉಳಿದಿಲ್ಲ ಎಂದು ಗುತ್ತಿಗೆದಾರ ನಮ್ಮೆದುರೇ ಕೈಚೆಲ್ಲಿದ. ಆತ ಸುಳ್ಳು ಹೇಳಲಿಲ್ಲ ಎಂದು ನಾನು ನಂಬುತ್ತೇನೆ. ಬಾಕಿ ಬಿಲ್ಲುಗಳ ಬಗ್ಗೆ ರಾಜ್ಯ ಗುತ್ತಿಗೆದಾರರ ಸಂಘ ಹಿಂದಿನ ಸರ್ಕಾರದ ಕಾಲದಲ್ಲೂ ಈಗಲೂ ಬಹಿರಂಗವಾಗಿಯೇ ಹೇಳುತ್ತಾ ಬಂದಿದೆ. ಎರಡು ಮಳೆಗಾಲ ಆ ಅಗೆತದಲ್ಲಿ ನೀರು ನಿಂತಿತು. ಮೂರನೆಯ ಮನೆಯ ಕಾಂಪೌಂಡ್ ಗೋಡೆ ವಾಲಿತು. ನನ್ನ ಮನೆಯ ಮುಂದಿನ ಮೆಟ್ಟಿಲ ಕೆಳಗಿನ ಮಣ್ಣು ಕುಸಿದು ವರಾಂಡದ ಗೋಡೆಯಲ್ಲಿ ಬಿರುಕು ಬಂತು. ಅದನ್ನು ಸರಿಪಡಿಸಲು ನನ್ನ ಎರಡು ತಿಂಗಳ ಪಿಂಚಣಿ ಹೋಯಿತು. ಎದುರು ಮನೆಯ ಕೆಳ ಅಂತಸ್ತಿನ ಬಾಡಿಗೆದಾರರು ಮಗುವನ್ನು ಶಾಲೆಯ ವ್ಯಾನಿಗೆ ಹತ್ತಿಸಲು ದಾರಿಯಿಲ್ಲವೆಂದು ಖಾಲಿ ಮಾಡಿದರು. ಬಾಡಿಗೆಯಿಂದಲೇ ಸಾಲದ ಕಂತು ಕಟ್ಟುತ್ತಿದ್ದ ಆ ಮನೆಯ ಮಾಲೀಕರು ಈಗ ಕಡಿಮೆ ಬಾಡಿಗೆಗೆ ಕೊಡಲು ಒಪ್ಪಿದರೂ ಯಾರೂ ಬರುತ್ತಿಲ್ಲ. ಬೀದಿ ಹಾಳಾದರೆ ಮನೆಯ ಬೆಲೆ ಇಳಿಯುತ್ತದೆ. ಮಾರ್ಗಸೂಚಿ ದರದ ಪಟ್ಟಿಗೆ ಮಾತ್ರ ಬೀದಿಯಲ್ಲಿರುವ ಗುಂಡಿ ಕಾಣುವುದಿಲ್ಲ. ಒಂದೇ ಕೊರತೆಯಿಂದಾಗಿ ನಮ್ಮ ಆಸ್ತಿಯ ಬೆಲೆ ಸರ್ಕಾರದ ಪಟ್ಟಿಯಲ್ಲಿ ಏರಿದೆ, ಬೀದಿಯಲ್ಲಿ ಇಳಿದಿದೆ.

ಈ ಬಾಕಿಯ ಕಥೆ ಚರಂಡಿಗೆ ಮುಗಿಯುವುದಿಲ್ಲ. ಸಾರಿಗೆ ನೌಕರರು 38 ತಿಂಗಳ ವೇತನ ಪರಿಷ್ಕರಣೆಯ ಹಿಂಬಾಕಿಗಾಗಿ ಈ ಆಗಸ್ಟ್ 5ರಂದು ಮುಷ್ಕರಕ್ಕೆ ಇಳಿದರು. ಸಾರಿಗೆ ನಿಗಮಗಳು ತಮ್ಮ ಬಾಕಿ ತೀರಿಸಲು 2,000 ಕೋಟಿ ಸಾಲ ಎತ್ತಲು ಸರ್ಕಾರವೇ ಒಪ್ಪಿಗೆ ಕೊಡಬೇಕಾಯಿತು. ಗೃಹಲಕ್ಷ್ಮಿಯ ಕಂತುಗಳು ತಡವಾದದ್ದೂ ತಮಗೆ ಗೊತ್ತೇ ಇದೆ.

ಗ್ಯಾರಂಟಿ ಯೋಜನೆಗಳ ಮಾತು ಬಂದಿರುವುದರಿಂದ ನನ್ನ ನಿಲುವನ್ನು ಮರೆಮಾಚದೆ ಹೇಳುತ್ತೇನೆ. ಐದು ಗ್ಯಾರಂಟಿಗಳಿಗೆ 2025-26ರಲ್ಲಿ ಇಟ್ಟಿರುವ 51,034 ಕೋಟಿ ರೂಪಾಯಿಯನ್ನು ದಂಡವೆಂದು ಕರೆಯುವವರ ಸಾಲಿನಲ್ಲಿ ನಾನಿಲ್ಲ. ಬಳೆ ಗಿರವಿ ಇಟ್ಟ ಆ ಹೆಣ್ಣುಮಗಳ ಮನೆಯಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಮಗನ ಟ್ಯೂಷನ್‌ಗೆ ಹೋಗುತ್ತದೆ. ಹಳ್ಳಿಯಿಂದ ನಮ್ಮ ಊರಿನ ಕಾಲೇಜಿಗೆ ಬರುವ ಹುಡುಗಿಯರು ಬಸ್ಸಿನಲ್ಲಿ ತುಂಬಿರುವುದನ್ನು ನೋಡಿದಾಗ ನನಗೆ ಹೆಮ್ಮೆಯಾಗುತ್ತದೆ. ಆದರೆ ಆ 2,000 ಯಾವ ತಿಂಗಳು ಬರುತ್ತದೆಂದು ತಿಳಿಯದಿದ್ದರೆ ಆ ತಾಯಿ ಟ್ಯೂಷನ್ ಹಣಕ್ಕೆ ಕೈಸಾಲ ಮಾಡುತ್ತಾಳೆ. ಕೊಟ್ಟ ಹಣದ ಅರ್ಧ ಬೆಲೆ ಅಲ್ಲಿಯೇ ಹೋಗುತ್ತದೆ. ಬಡವರಿಗೆ ಕೊಡುವುದು ಸರಿಯಾದ ಕೆಲಸವೆಂದು ನಂಬಿದ ಸರ್ಕಾರ ಅದಕ್ಕೆ ಬೇಕಾದ ಹಣವನ್ನು ಯಾರಿಂದ, ಎಷ್ಟು, ಯಾವ ದಿನದಿಂದ ತೆಗೆದುಕೊಳ್ಳುತ್ತೇನೆ ಎಂಬುದನ್ನೂ ಅಷ್ಟೇ ಧೈರ್ಯದಿಂದ ಸದನದಲ್ಲಿ ಹೇಳಬೇಕು. ಕೊಡುವ ಪಟ್ಟಿಯನ್ನು ಭಾಷಣದಲ್ಲಿ ಓದಿ, ತೆಗೆದುಕೊಳ್ಳುವ ಪಟ್ಟಿಯನ್ನು ಅಧಿಸೂಚನೆಗಳಲ್ಲಿ ಹಂಚಿದರೆ, ಗ್ಯಾರಂಟಿಯ ಮೇಲಿನ ಜನರ ವಿಶ್ವಾಸಕ್ಕೇ ಪೆಟ್ಟು ಬೀಳುತ್ತದೆ. ನನ್ನ ಓಣಿಯಲ್ಲೇ, ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿಯುತ್ತಾರೆ ಎಂಬ ಮಾತು ದಿನವೂ ಕೇಳಿಬರುತ್ತಿದೆ.

ಕೇಂದ್ರ ಸರ್ಕಾರದ ಜೊತೆಗಿನ ತಮ್ಮ ವಾದದಲ್ಲಿ ಹುರುಳಿದೆ. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ 14ನೇ ಹಣಕಾಸು ಆಯೋಗ ಕೊಟ್ಟಿದ್ದ ಶೇ. 4.713 ಪಾಲು 15ನೆಯದರಲ್ಲಿ ಶೇ. 3.647ಕ್ಕೆ ಇಳಿದದ್ದು, 2020-21ಕ್ಕೆ ಆಯೋಗ ಶಿಫಾರಸು ಮಾಡಿದ್ದ 5,495 ಕೋಟಿ ವಿಶೇಷ ಅನುದಾನ ಕೈಸೇರದೆ ಹೋದದ್ದು, 2022ರ ಜೂನ್‌ಗೆ ಜಿಎಸ್‌ಟಿ ನಷ್ಟ ಪರಿಹಾರ ನಿಂತದ್ದು ಎಲ್ಲವೂ ಕರ್ನಾಟಕಕ್ಕೆ ಆದ ಪೆಟ್ಟುಗಳೇ. 2024ರ ಫೆಬ್ರವರಿ 7ರಂದು ತಾವು ದೆಹಲಿಯ ಜಂತರ್ ಮಂತರ್‌ನಲ್ಲಿ ಕುಳಿತಾಗ ಈ ನಾಡಿನ ಬಹಳಷ್ಟು ಜನರಿಗೆ, ತಮ್ಮ ಪಕ್ಷಕ್ಕೆ ಮತ ಹಾಕದವರಿಗೂ, ಅದು ನ್ಯಾಯವಾದ ಮಾತೆನಿಸಿತು. ಉಪಕರ ಮತ್ತು ಸರ್‌ಚಾರ್ಜುಗಳ ಹೆಸರಿನಲ್ಲಿ ಸಂಗ್ರಹಿಸಿದ ಹಣವನ್ನು ಕೇಂದ್ರವು ರಾಜ್ಯಗಳ ಜೊತೆ ಹಂಚಿಕೊಳ್ಳುವುದಿಲ್ಲ ಎಂಬುದು ಆ ವಾದದ ತಿರುಳು.

ಅದೇ ತಿರುಳನ್ನು ಹಿಡಿದು ನಾನೂ ಒಂದು ಪ್ರಶ್ನೆ ಕೇಳಬೇಕಾಗಿದೆ. ನನ್ನ ಮನೆಯ ಆಸ್ತಿ ತೆರಿಗೆಯ ಚಲನ್ನಿನಲ್ಲಿ ತೆರಿಗೆಯ ಮೇಲೆ ಶೇ. 15 ಆರೋಗ್ಯ ಉಪಕರ, ಶೇ. 6 ಗ್ರಂಥಾಲಯ ಉಪಕರ, ಶೇ. 3 ಭಿಕ್ಷುಕರ ಉಪಕರ ಇವೆ. ಇವನ್ನು ವಸೂಲು ಮಾಡುವುದು ಊರಿನ ಸ್ಥಳೀಯ ಸಂಸ್ಥೆ, ಹಣ ಅದರದ್ದಲ್ಲ. ಕ್ರಯಪತ್ರದ ಮುದ್ರಾಂಕದ ಮೇಲೆ ಬೀಳುವ ನಗರದ ಶೇ. 2 ಮತ್ತು ಗ್ರಾಮಾಂತರದ ಶೇ. 3 ಸರ್‌ಚಾರ್ಜನ್ನು ಸ್ಥಳೀಯ ಸಂಸ್ಥೆಗಳ ಹೆಸರಿನಲ್ಲಿಯೇ ಪಡೆಯಲಾಗುತ್ತದೆ. ಆ ಹಣ ಎಷ್ಟು ಸಂಗ್ರಹವಾಯಿತು, ಎಷ್ಟು ಯಾವ ಊರಿಗೆ, ಯಾವ ತಿಂಗಳು ಮರಳಿತು ಎಂಬುದು ನಮ್ಮಂಥವರಿಗೆ ಒಂದೇ ಕಡೆ ನೋಡಲು ಸಿಗುವಂತಿರಬೇಕಲ್ಲವೇ? ದೆಹಲಿಯ ಎದುರು ರಾಜ್ಯ ಯಾವ ನ್ಯಾಯ ಕೇಳುತ್ತದೋ ಅದೇ ನ್ಯಾಯವನ್ನು ಬೆಂಗಳೂರಿನ ಎದುರು ನಮ್ಮ ಊರುಗಳೂ ಕೇಳುತ್ತಿವೆ. ಕೇಳಲು ಧ್ವನಿಯಾದರೂ ಇರಬೇಕಿತ್ತು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರ ನಂತರ ಚುನಾವಣೆಯೇ ನಡೆದಿಲ್ಲ, ಅವುಗಳ ಅವಧಿ ಮುಗಿದು ನಾಲ್ಕು ವರ್ಷವಾಯಿತು. ತಮ್ಮ ಸರ್ಕಾರವೇ 2023ರಲ್ಲಿ 5ನೇ ರಾಜ್ಯ ಹಣಕಾಸು ಆಯೋಗವನ್ನು ರಚಿಸಿದೆ. ಸ್ಥಳೀಯ ಸಂಸ್ಥೆಗಳ ಪಾಲಿನ ಬಗ್ಗೆ ಅದು ಹೇಳುವ ಮಾತಿಗೆ, ಕೇಂದ್ರ ಹಣಕಾಸು ಆಯೋಗದ ಮಾತಿಗೆ ತಾವು ಬಯಸುವಷ್ಟೇ ಗೌರವ ಸಿಗಲಿ.

ಹಾಗಾಗಿ ತಮ್ಮಲ್ಲಿ ನನ್ನ ಕೋರಿಕೆ ತೆರಿಗೆ ಇಳಿಸಿ ಎಂಬುದಲ್ಲ. ರಾಜ್ಯಕ್ಕೆ ಹಣ ಬೇಕು; ಆಸ್ತಿ ಇರುವವರು ತಮ್ಮ ಪಾಲು ಕೊಡಬೇಕು; ನಾನೂ ಕೊಡುತ್ತೇನೆ. ಬರುವ ಮಾರ್ಚ್‌ನಲ್ಲಿ ಬಜೆಟ್ ಪುಸ್ತಕಗಳ ಜೊತೆ ಇನ್ನೊಂದು ತಖ್ತೆಯನ್ನು ಸದನದ ಮುಂದಿಡಿ ಎಂದು ಕೇಳುತ್ತಿದ್ದೇನೆ. ಯಾವ ಇಲಾಖೆಯಲ್ಲಿ, ಯಾವ ಜಿಲ್ಲೆಯಲ್ಲಿ, ಎಷ್ಟು ಮೊತ್ತದ ಬಿಲ್ಲುಗಳು ಪಾವತಿಯಾಗದೆ ಉಳಿದಿವೆ, ಅವುಗಳಲ್ಲಿ ಆರು ತಿಂಗಳು ಮೀರಿದ್ದು ಎಷ್ಟು, ವರ್ಷ ಮೀರಿದ್ದು ಎಷ್ಟು ಎಂಬುದು ಅದರಲ್ಲಿರಲಿ. ಬಿಲ್ಲುಗಳೆಲ್ಲ ಗಣಕದಲ್ಲೇ ಸಾಗುವ ಈ ಕಾಲದಲ್ಲಿ ಇದನ್ನು ಒಟ್ಟುಗೂಡಿಸುವುದು ದೊಡ್ಡ ಶ್ರಮವಲ್ಲ ಎಂದು ಆ ಇಲಾಖೆಯಲ್ಲಿ ದುಡಿದವನಾಗಿ ಹೇಳಬಲ್ಲೆ. ಖಜಾನೆಯ ತನಕ ಬಾರದೆ ಕಚೇರಿಗಳಲ್ಲೇ ಕೂತ ಬಿಲ್ಲುಗಳನ್ನು ಹೊರತೆಗೆಯುವುದು ಹೆಚ್ಚು ಕಷ್ಟ. ಅದಕ್ಕೆ ತಮ್ಮ ಮಟ್ಟದ ಆದೇಶವೇ ಬೇಕು. ಆ ತಖ್ತೆ ಹೊರಬಂದರೆ ವಿರೋಧ ಪಕ್ಷದವರು ಅದನ್ನು ಎತ್ತಿ ತೋರಿಸಿಯಾರು. ತೋರಿಸಲಿ. ಅವರ ಕಾಲದ ಬಾಕಿಯೂ ಅದರಲ್ಲಿ ಇರುತ್ತದೆ.

ಇದರ ಜೊತೆಗೆ, ನೋಂದಣಿ ಶುಲ್ಕ, ಮುದ್ರಾಂಕ, ಮಾರ್ಗಸೂಚಿ ದರ ಮತ್ತು ಇಂಧನ ತೆರಿಗೆಯ ಬದಲಾವಣೆಗಳನ್ನು ಬಜೆಟ್ಟಿನ ಜೊತೆಯಲ್ಲೇ ಪ್ರಕಟಿಸಿ, ಏಪ್ರಿಲ್ 1ರಿಂದ ಜಾರಿಗೆ ತಂದು, ಮುಂದಿನ ಮಾರ್ಚ್‌ವರೆಗೆ ಮುಟ್ಟದಿರುವ ಪದ್ಧತಿಯನ್ನು ತಾವು ಆರಂಭಿಸಬಹುದು. ಅನಿವಾರ್ಯವಾಗಿ ನಡುವೆ ಬದಲಿಸಬೇಕಾಗಿ ಬಂದರೆ, ಬದಲಾವಣೆಗೆ ಮುಂಚೆ ನೋಂದಾಯಿತ ಕರಾರು ಮಾಡಿಕೊಂಡವರಿಗೆ ಹಳೆಯ ದರದಲ್ಲಿ ಕ್ರಯ ಮುಗಿಸಲು ಮೂರು ತಿಂಗಳು ಅವಕಾಶ ಕೊಡುವುದರಿಂದ ಖಜಾನೆಗೆ ಆಗುವ ನಷ್ಟ ತೀರಾ ಸಣ್ಣದು. ಒಂದೊಂದು ಕುಟುಂಬಕ್ಕೆ ಉಳಿಯುವ ನೆಮ್ಮದಿ ದೊಡ್ಡದು. 45 ಲಕ್ಷದ ಗೆರೆಯನ್ನು ಮಾರ್ಗಸೂಚಿ ದರ ಏರಿದಷ್ಟೇ ಪ್ರಮಾಣದಲ್ಲಿ ಏರಿಸುವುದು ಹೊಸ ರಿಯಾಯಿತಿಯಲ್ಲ, ಇದ್ದ ರಿಯಾಯಿತಿಯನ್ನು ಉಳಿಸಿದಂತೆ ಅಷ್ಟೇ. ಅಗೆದು ಬಿಟ್ಟ ಬೀದಿಗಳ ಬಾಕಿಯನ್ನು ಹೊಸ ಕಾಮಗಾರಿಗಳಿಗೆ ಅಡಿಗಲ್ಲು ಹಾಕುವ ಮುಂಚೆ ತೀರಿಸಬೇಕೆಂದು ಒಂದು ಸ್ಪಷ್ಟ ಆದೇಶ ಹೊರಟರೆ ನಮ್ಮ ಬೀದಿಯಂಥ ಎಷ್ಟೋ ಬೀದಿಗಳು ಮುಂಗಾರಿಗೆ ಮೊದಲು ಮುಚ್ಚಿಕೊಳ್ಳುತ್ತವೆ. ಈ ವರ್ಷ ಬಂಡವಾಳ ವೆಚ್ಚಕ್ಕೆಂದು 71,336 ಕೋಟಿ ಇಟ್ಟಿದ್ದೀರಿ. ಅದರಲ್ಲಿ ಹಳೆಯ ಬಾಕಿಗೆ ಹೋದದ್ದೆಷ್ಟು, ಹೊಸ ಕೆಲಸಕ್ಕೆ ಉಳಿದದ್ದೆಷ್ಟು ಎಂಬುದನ್ನು ವರ್ಷದ ಕೊನೆಗೆ ಬೇರ್ಪಡಿಸಿ ಹೇಳಿದರೆ ನಮ್ಮ ಬೀದಿಗೆ ಯಾವಾಗ ಸರದಿ ಬರುತ್ತದೆಂದು ನಾವೇ ಲೆಕ್ಕ ಹಾಕಿಕೊಳ್ಳುತ್ತೇವೆ.

ಪಕ್ಕದ ಮನೆಯವರ ನಿವೇಶನಕ್ಕೆ ಈಗ ಇ-ಖಾತೆ ಆಗಿದೆ. ಬಳೆ ಬಿಡಿಸಿದ ಮೇಲೆ ಪಾಯ ಹಾಕುವ ಯೋಚನೆಯಲ್ಲಿದ್ದಾರೆ. ಆ ನಿವೇಶನ ನಮ್ಮ ಬೀದಿಯ ಕೊನೆಯಲ್ಲೇ ಇರುವುದರಿಂದ, ಇಟ್ಟಿಗೆ ಸಿಮೆಂಟಿನ ಲಾರಿ ಅಲ್ಲಿಗೆ ಹೋಗಬೇಕಾದರೆ ಅಗೆದ ಆ ಕಾಲುವೆ ಮುಚ್ಚಬೇಕು. ಮಾರ್ಚ್‌ನಲ್ಲಿ ಬಜೆಟ್ ಪುಸ್ತಕಗಳು ಹಣಕಾಸು ಇಲಾಖೆಯ ಜಾಲತಾಣಕ್ಕೆ ಬಂದ ಸಂಜೆ ನಾವಿಬ್ಬರೂ ಒಟ್ಟಿಗೆ ಕುಳಿತು ನೋಡುವುದೆಂದು ಮಾತಾಡಿಕೊಂಡಿದ್ದೇವೆ. ಬಾಕಿ ಬಿಲ್ಲುಗಳ ತಖ್ತೆ ಎಲ್ಲಿದೆ ಎಂದೇ ಮೊದಲು ಹುಡುಕುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಖಜಾನೆ ಇಲಾಖೆಯ ನಿವೃತ್ತ ನೌಕರ